ಪ್ರಣಯ, ಪತ್ತೇದಾರಿಕೆ, ಚರಿತ್ರೆ: ಇತ್ತೀಚಿನ ಕೆಲವು ಕಾದಂಬರಿಗಳ ಓದು

ನಮ್ಮ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪ್ರಣಯ ಕಾದಂಬರಿಗೂ ಪತ್ತೇದಾರಿ ಕಾದಂಬರಿಗೂ ಒಂದೇ ಬಗೆಯ ಅದೃಷ್ಟ. ಎರಡೂ ಹಲವು ಕೈಗಳನ್ನು ಕಂಡು, ರಟ್ಟು ಕಿತ್ತು, ಒಂದೆರಡು ಬಾರಿ ಹೊಸ ಬೈಂಡು ಹಾಕಿಸಿಕೊಂಡು, ಕೊನೆಗೆ ರದ್ದಿಗೆ ಸೇರುತ್ತವೆ. ಸಂಶೋಧಕರ ಮೇಜಿನವರೆಗೆ ಅವು ಬರುವುದು ಅಪರೂಪ. ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳು ಕನ್ನಡದಲ್ಲಿ ಓದುವ ಅಭ್ಯಾಸವನ್ನು ಬೆಳೆಸಿದವೆಂದು ಸಭೆಗಳಲ್ಲಿ ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಆ ಕಾದಂಬರಿಗಳನ್ನು ಕುರಿತು ಗಂಭೀರವಾಗಿ ಬರೆಯುವ ಉತ್ಸಾಹ ತೋರುವುದಿಲ್ಲ. ಚಾರಿತ್ರಿಕ ಕಾದಂಬರಿಯ ಸ್ಥಾನ ಹಾಗಲ್ಲ. ಮಾಸ್ತಿಯವರ 'ಚಿಕವೀರ ರಾಜೇಂದ್ರ', ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳು ನಮ್ಮಲ್ಲಿ ಗೌರವದ ಓದಿಗೆ, ಅಧ್ಯಯನಕ್ಕೆ ಪಾತ್ರವಾಗಿವೆ. ಹೀಗಿರುವಾಗ, ಗೌರವಸ್ಥ ಪ್ರಕಾರವೊಂದು ಅಗೌರವದ ಎರಡು ಪ್ರಕಾರಗಳೊಡನೆ ಬೆರೆತು ಬಂದರೆ ಅದನ್ನು ಹೇಗೆ ಓದಬೇಕು ಎಂಬ ಪ್ರಶ್ನೆ ಏಳುತ್ತದೆ.

ಕಳೆದ ಹತ್ತು ವರ್ಷಗಳಲ್ಲಿ ಇಂತಹ ಬೆರಕೆಯ ಕಾದಂಬರಿಗಳು ಇಂಗ್ಲಿಷಿನಲ್ಲಿ ಗಮನಾರ್ಹ ಸಂಖ್ಯೆಯಲ್ಲಿ ಬಂದಿವೆ. ಅವುಗಳ ಪೈಕಿ ಮೂರು ಮಾಲೆಗಳನ್ನು ಪ್ರಸ್ತುತ ಲೇಖನ ಎತ್ತಿಕೊಳ್ಳುತ್ತದೆ: ಅಬೀರ್ ಮುಖರ್ಜಿ ಅವರ ಕಲ್ಕತ್ತೆಯ ಮಾಲೆ (ಮೊದಲನೆಯದು 'ಎ ರೈಸಿಂಗ್ ಮ್ಯಾನ್', 2016), ಸುಜಾತಾ ಮ್ಯಾಸಿ ಅವರ ಬೊಂಬಾಯಿಯ ಮಾಲೆ (ಮೊದಲನೆಯದು 'ದಿ ವಿಡೋಸ್ ಆಫ್ ಮಲಬಾರ್ ಹಿಲ್', 2018), ಹರಿಣಿ ನಾಗೇಂದ್ರ ಅವರ ಬೆಂಗಳೂರಿನ ಮಾಲೆ (ಮೊದಲನೆಯದು 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್', 2022). ಮೂವರೂ ಪರಸ್ಪರ ಸಂಬಂಧವಿಲ್ಲದ ಲೇಖಕರು. ಮುಖರ್ಜಿ ಬ್ರಿಟನ್ನಿನಲ್ಲಿ ಬೆಳೆದವರು, ಮ್ಯಾಸಿ ಅಮೆರಿಕದವರು, ಹರಿಣಿ ಬೆಂಗಳೂರಿನಲ್ಲಿಯೇ ಇರುವ ಪರಿಸರ ವಿಜ್ಞಾನಿ. ಆದರೂ ಮೂವರೂ ಆರಿಸಿಕೊಂಡ ಕಾಲ ಬಹುಮಟ್ಟಿಗೆ ಒಂದೇ: 1919ರಿಂದ 1923ರವರೆಗಿನ ಭಾರತ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ರೌಲತ್ ಕಾಯಿದೆ, ಜಲಿಯನ್‌ವಾಲಾ ಬಾಗ್, ಅಸಹಕಾರ ಚಳವಳಿ, 1921ರ ನವೆಂಬರಿನಲ್ಲಿ ವೇಲ್ಸ್ ರಾಜಕುಮಾರನ ಆಗಮನ—ಇವೆಲ್ಲ ಒತ್ತೊತ್ತಾಗಿ ಬಂದ ಆ ವರ್ಷಗಳಲ್ಲಿ ಸಾಮ್ರಾಜ್ಯ ಅಲುಗಾಡುತ್ತಿತ್ತು, ಬಿದ್ದಿರಲಿಲ್ಲ. ಮುಂದೇನಾಗುವುದೆಂಬುದು ಓದುಗನಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ರಹಸ್ಯ ಕಥೆಗೆ ಇದಕ್ಕಿಂತ ಒಳ್ಳೆಯ ನೆಲ ದೊರೆಯುವುದು ಕಷ್ಟ.

ಈ ಕಾದಂಬರಿಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಅವುಗಳ ಕಾಲವಿವರಗಳನ್ನು ಮೆಚ್ಚುತ್ತಾರೆ: ಟ್ರಾಮು, ಕಾರು, ಸೀರೆ ಉಡುವ ಬಗೆ, ಊಟದ ಬಗೆ, ಬೀದಿಯ ಹೆಸರು. ಶ್ರದ್ಧೆಯಿಂದ ಹುಡುಕಿದರೆ ಇಂತಹ ವಿವರಗಳು ಯಾರಿಗಾದರೂ ದೊರೆಯುತ್ತವೆ. ಚಾರಿತ್ರಿಕತೆಯ ನಿಜವಾದ ಪರೀಕ್ಷೆ ಅಲ್ಲಿಲ್ಲ. ಅದು ಪ್ರಣಯದ ಎಳೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಕೊಲೆಗಾರನನ್ನು ಕೊನೆಯ ಅಧ್ಯಾಯದಲ್ಲಿ ಹಿಡಿಯಲೇಬೇಕು. ಅದು ಪ್ರಕಾರದ ಒಪ್ಪಂದ, ಯಾವ ಶತಮಾನದಲ್ಲಿ ಕಥೆ ನಡೆದರೂ ಅದು ಬದಲಾಗುವುದಿಲ್ಲ. ಆದರೆ ಯಾರು ಯಾರನ್ನು ಪ್ರೀತಿಸಬಹುದು, ಯಾರನ್ನು ಬಿಡಬಹುದು, ಬಿಟ್ಟ ಮೇಲೆ ಏನಾಗಬಹುದು ಎಂಬುದನ್ನು ಆಯಾ ಕಾಲದ ಕಾನೂನು, ಜಾತಿ, ಮತ, ಜನಾಂಗಗಳು ನಿರ್ಧರಿಸುತ್ತವೆ. ಲೇಖಕನು ಈ ನಿರ್ಬಂಧವನ್ನು ಎಷ್ಟು ದೂರ ಸಹಿಸುತ್ತಾನೆ ಎಂಬುದರಲ್ಲಿ ಅವನ ಚರಿತ್ರೆಯ ಪ್ರಜ್ಞೆ ಗೋಚರಿಸುತ್ತದೆ.

ಮುಖರ್ಜಿಯವರ ನಾಯಕ ಕ್ಯಾಪ್ಟನ್ ಸ್ಯಾಮ್ ವಿಂಡಮ್ ಮೊದಲ ಮಹಾಯುದ್ಧದಿಂದ ಬದುಕಿ ಬಂದವನು, ಇನ್‌ಫ್ಲುಯೆನ್ಜಾದಲ್ಲಿ ಹೆಂಡತಿಯನ್ನು ಕಳೆದುಕೊಂಡವನು, ಅಫೀಮಿಗೆ ದಾಸನಾದವನು. 1919ರ ಏಪ್ರಿಲ್ ತಿಂಗಳ ಕಲ್ಕತ್ತೆಗೆ ಪೊಲೀಸ್ ಅಧಿಕಾರಿಯಾಗಿ ಬಂದು, ಹಿರಿಯ ಬ್ರಿಟಿಷ್ ಅಧಿಕಾರಿಯೊಬ್ಬನ ಕೊಲೆಯ ತನಿಖೆಗೆ ಇಳಿಯುತ್ತಾನೆ. ಸತ್ತವನ ಕಚೇರಿಯಲ್ಲಿದ್ದ ಆಂಗ್ಲೋ-ಇಂಡಿಯನ್ ಯುವತಿ ಆನ್ನಿ ಗ್ರಾಂಟ್‌ಳ ಕಡೆಗೆ ಅವನ ಮನಸ್ಸು ಹರಿಯುತ್ತದೆ. ಈ ಪ್ರಣಯ ಮುಂದಿನ ಕಾದಂಬರಿಗಳಲ್ಲಿಯೂ ನೆಲೆ ಕಾಣದೆ ಅಲೆಯುತ್ತದೆ. ಇಬ್ಬರ ನಡುವೆ ನಿಂತಿರುವುದು ಕೇವಲ ಸ್ವಭಾವಭೇದವಲ್ಲ. ಎರಡೂ ಕಡೆಯ ಸಮಾಜಕ್ಕೆ ಬೇಡವಾದ ಸಮುದಾಯವೊಂದರ ಸ್ಥಿತಿ. ಇದನ್ನು ಲೇಖಕರು ಬಲ್ಲರು. ಆದರೂ ಓದುಗನಾಗಿ ನನಗೆ ಆನ್ನಿಗಿಂತ ಸಾರ್ಜೆಂಟ್ ಸುರೇಂದ್ರನಾಥ ಬ್ಯಾನರ್ಜಿಯೇ ಹೆಚ್ಚು ನೆನಪಿನಲ್ಲಿ ಉಳಿಯುತ್ತಾನೆ. ಅವನ ಹೆಸರನ್ನು ಉಚ್ಚರಿಸಲು ಇಂಗ್ಲಿಷರಿಗೆ ಬಾರದೆ 'ಸರೆಂಡರ್-ನಾಟ್' ಎಂದು ತಿರುಚಿದ್ದಾರೆ. ಶರಣಾಗದವನೆಂಬ ಅರ್ಥ ಹೊರಡುವ ಆ ಹೆಸರನ್ನು ಹೊತ್ತು ಅವನು ಆಳುವವರ ಪೊಲೀಸಿನಲ್ಲಿ ದುಡಿಯುತ್ತಾನೆ. ಪತ್ತೇದಾರಿ ಕಥೆಯ ಕೊನೆಯಲ್ಲಿ ಸುವ್ಯವಸ್ಥೆ ಮರಳಿ ಸ್ಥಾಪನೆಯಾಗಬೇಕೆಂಬುದು ಹಳೆಯ ನಿಯಮ. ಆ ವ್ಯವಸ್ಥೆಯೇ ಅನ್ಯಾಯದ್ದಾದರೆ ಅದನ್ನು ಮರಳಿ ಸ್ಥಾಪಿಸುವುದು ಯಾರ ಗೆಲುವು? ಈ ಪ್ರಶ್ನೆ ಬ್ಯಾನರ್ಜಿಯ ಮೌನದಲ್ಲಿ ಇದೆ. 2021ರ 'ದಿ ಶ್ಯಾಡೋಸ್ ಆಫ್ ಮೆನ್'ನಲ್ಲಿ ಲೇಖಕರು ಅವನಿಗೂ ನಿರೂಪಣೆಯ ಅರ್ಧವನ್ನು ಒಪ್ಪಿಸಿದ್ದು ತಡವಾಗಿಯಾದರೂ ಸರಿಯಾದ ನಿರ್ಧಾರ.

ಬೆಂಗಳೂರಿನ ಮಾಲೆಗೆ ಬಂದರೆ ಕನ್ನಡದ ಓದುಗರಿಗೆ ಸಹಜವಾಗಿಯೇ ಮಮತೆ ಹುಟ್ಟುತ್ತದೆ. 1921ರಲ್ಲಿ ಕಾವೇರಿ ಎಂಬ ತರುಣಿ, ಬೌರಿಂಗ್ ಆಸ್ಪತ್ರೆಯ ವೈದ್ಯ ರಾಮುವಿನ ಹೆಂಡತಿಯಾಗಿ ಬೆಂಗಳೂರಿಗೆ ಬರುತ್ತಾಳೆ. ಗಣಿತದಲ್ಲಿ ಅವಳಿಗೆ ಅಪಾರ ಆಸಕ್ತಿ. ಸೆಂಚುರಿ ಕ್ಲಬ್ಬಿನ ಔತಣಕೂಟದ ರಾತ್ರಿ ನಡೆದ ಕೊಲೆಯ ಶಂಕೆ ನಿರಾಶ್ರಿತೆಯಾದ ಹೆಣ್ಣೊಬ್ಬಳತ್ತ ತಿರುಗಿದಾಗ ಕಾವೇರಿ ತಾನೇ ಪತ್ತೇದಾರಿಕೆಗೆ ತೊಡಗುತ್ತಾಳೆ. ಕ್ಲಬ್ಬಿನ ಆಯ್ಕೆಯೇ ಅರ್ಥಪೂರ್ಣವಾದುದು: 1917ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಭಾರತೀಯರಿಗಾಗಿ ಹುಟ್ಟಿದ ಸಂಸ್ಥೆ ಅದು. ಒಂದೇ ಊರು ಎರಡು ಆಡಳಿತಗಳಲ್ಲಿ ಹಂಚಿಹೋಗಿದ್ದುದು, ಅಂದರೆ ಪೇಟೆ ಮೈಸೂರು ಸಂಸ್ಥಾನಕ್ಕೂ ದಂಡುಪ್ರದೇಶ ಬ್ರಿಟಿಷ್ ರೆಸಿಡೆಂಟರಿಗೂ ಸೇರಿದ್ದುದು, ರಹಸ್ಯ ಕಥೆಗೆ ತಾನಾಗಿಯೇ ಒದಗಿದ ಭೂಮಿಕೆ. 2016ರಲ್ಲಿ ಬೆಂಗಳೂರಿನ ನಿಸರ್ಗದ ಇತಿಹಾಸವನ್ನು ಕುರಿತು ವಿದ್ವತ್ಪೂರ್ಣ ಗ್ರಂಥ ಬರೆದ ಲೇಖಕಿಗೆ ಇಲ್ಲಿನ ಮರ, ಕೆರೆ, ತೋಟಗಳ ವರ್ಣನೆ ಸಲೀಸಾಗಿದೆ. ಪುಸ್ತಕದ ಕೊನೆಗೆ ಅಡುಗೆಯ ವಿಧಾನಗಳನ್ನೂ ಕೊಟ್ಟಿದ್ದಾರೆ. ನಮ್ಮ ಅಡುಗೆಮನೆಯನ್ನು ದೂರದ ಓದುಗರಿಗೆ ವಿವರಿಸುವ ಈ ಪುಟಗಳನ್ನು ಓದುವಾಗ, ಈ ಕಥೆಯಲ್ಲಿ ನಾವು ಮನೆಯವರೋ ಅತಿಥಿಗಳೋ ಎಂಬ ಸಣ್ಣ ಮುಜುಗರ ನನಗಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಇಲ್ಲಿನ ಪ್ರಣಯ ಮದುವೆಯ ನಂತರದ್ದು. ಹಿರಿಯರು ಕೂಡಿಸಿದ ಗಂಡಹೆಂಡಿರು ಒಬ್ಬರನ್ನೊಬ್ಬರು ನಿಧಾನವಾಗಿ ಅರಿತು ಮೆಚ್ಚುತ್ತಾರೆ. ಇಂಗ್ಲಿಷ್ ಪ್ರಣಯ ಕಥೆಯ ಮಾದರಿಯನ್ನು ಬಿಟ್ಟು ನಮ್ಮ ಸಮಾಜದ ಮಾದರಿಯನ್ನು ಹಿಡಿದದ್ದು ಹರಿಣಿಯವರ ವಿವೇಕ. ತೊಡಕು ಇರುವುದು ಅದು ತೀರ ಸುಗಮವಾಗಿರುವುದರಲ್ಲಿ. ರಾಮು ಹೆಂಡತಿಯ ಓದಿಗೆ ಅಡ್ಡಿಯಲ್ಲ, ಅವಳ ಸಾಹಸಕ್ಕೆ ಬೆಂಬಲ. ಅತ್ತೆ ಭಾರ್ಗವಿಯಾದರೂ ವಿರೋಧಿಸಬಹುದೆಂದುಕೊಂಡರೆ, 2023ರ 'ಮರ್ಡರ್ ಅಂಡರ್ ಎ ರೆಡ್ ಮೂನ್'ನಲ್ಲಿ ತನಿಖೆಗೆ ಕೇಳಿಕೊಳ್ಳುವವರು ಅತ್ತೆಯೇ. ಅಂತಹ ಮನೆ 1921ರಲ್ಲಿ ಇರಲೇ ಇಲ್ಲವೆಂದು ವಾದಿಸುವುದು ತಪ್ಪು. ಮೈಸೂರು ಸಂಸ್ಥಾನದ ವಿದ್ಯಾವಂತ ಕುಟುಂಬಗಳಲ್ಲಿ ಉದಾರಿಗಳಿದ್ದರು. ಆದರೆ ಅದೇ ಸಂಸ್ಥಾನದಲ್ಲಿ 1894ರ ಶಿಶುವಿವಾಹ ನಿಷೇಧದ ಕಾಯಿದೆ ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನಷ್ಟೇ ತಡೆಯಲು ಸಾಹಸ ಮಾಡಿತ್ತು ಎಂಬುದನ್ನೂ ಮರೆಯಬಾರದು.

ಹೋಲಿಕೆಗೆ ಆ ಕಾಲದ ನಿಜವಾದ ಹೆಣ್ಣೊಬ್ಬರನ್ನು ನೆನೆಯೋಣ. ನಂಜನಗೂಡು ತಿರುಮಲಾಂಬ (1887-1982) ಬಾಲವಿಧವೆ. ಮನೆಯಲ್ಲಿಯೇ ಓದಿ, 'ಸತೀ ಹಿತೈಷಿಣಿ' ಗ್ರಂಥಮಾಲೆಯನ್ನು ನಡೆಸಿ, ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿದರು, ಪತ್ರಿಕೆಯ ಸಂಪಾದಕಿಯಾದರು. ಕಾವೇರಿಯ ಪತ್ತೇದಾರಿಕೆಗಿಂತ ಇದು ಕಡಿಮೆ ಸಾಹಸವಲ್ಲ. ಇಷ್ಟಾದರೂ 1913ರ 'ಸುಶೀಲೆ'ಯಲ್ಲಿ ಅವರು ಎತ್ತಿಹಿಡಿದದ್ದು ಪಾತಿವ್ರತ್ಯದ ಆದರ್ಶವನ್ನು. ಸ್ವಂತ ಬದುಕಿನಲ್ಲಿ ಕಟ್ಟನ್ನು ಮೀರಿದವರು ಬರೆಹದಲ್ಲಿ ಕಟ್ಟಿಗೆ ನಿಷ್ಠರಾಗಿದ್ದರು. ಸ್ವಾತಂತ್ರ್ಯ ಮತ್ತು ವಿಧೇಯತೆ ಒಂದೇ ಎದೆಯಲ್ಲಿ ಜಗಳವಾಡದೆ ಅಕ್ಕಪಕ್ಕ ಕುಳಿತಿದ್ದುದು ಆ ಕಾಲದ ವಿಶೇಷ, ನಮಗೆ ಅತ್ಯಂತ ಅಪರಿಚಿತವಾದದ್ದೂ ಅದೇ. ಕಾವೇರಿಯಲ್ಲಿ ಮೊದಲನೆಯದು ಮಾತ್ರ ಇದೆ. ಅವಳು ಸೀರೆಯುಟ್ಟ ನಮ್ಮ ಸಮಕಾಲೀನಳು. ಅವಳ ಸಂಗ ಹಿತವಾಗುವುದು ಅವಳು ನಮ್ಮ ಮೌಲ್ಯಗಳನ್ನೇ ನಮಗೆ ಮರಳಿಸುವುದರಿಂದ. ಇದು ಮನರಂಜನೆಗೆ ಸಾಲುತ್ತದೆ, ಚರಿತ್ರೆಗೆ ಸಾಲದು.

ಕನ್ನಡದಲ್ಲಿಯೇ ಬರೆಯಲಾದ ಚಾರಿತ್ರಿಕ ರಹಸ್ಯ ಕಾದಂಬರಿಯ ಮಾತನ್ನೂ ಇಲ್ಲಿ ಹೇಳಬೇಕು. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು 'ಕನಕ ಮುಸುಕು' ಮೊದಲಾದ ಕೃತಿಗಳಲ್ಲಿ ಅಡಿಟಿಪ್ಪಣಿ, ಆಧಾರಗಳ ಸಮೇತ ರೋಚಕ ಕಥೆ ಹೇಳುವ ಪದ್ಧತಿಯನ್ನು ರೂಢಿಗೆ ತಂದರು. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳವನ್ನು ಹೋಲುವ ವಸ್ತು ಏಕಿದೆ ಎಂಬಂತಹ ಪ್ರಶ್ನೆ ಅಲ್ಲಿ ಕಥೆಯನ್ನು ನಡೆಸುತ್ತದೆ. ಚರಿತ್ರೆ ಅಲ್ಲಿ ಬಿಡಿಸಬೇಕಾದ ಒಗಟು. ಪಾತ್ರಗಳು ಅದರೊಳಗೆ ಸಿಕ್ಕಿಕೊಂಡವರಲ್ಲ, ಹೊರಗೆ ನಿಂತು ಹುಡುಕುವವರು. ಪ್ರಣಯಕ್ಕೆ ಅಲ್ಲಿ ಹೆಚ್ಚಿನ ಕೆಲಸವಿಲ್ಲದಿರುವುದಕ್ಕೆ ಇದೇ ಕಾರಣವಿರಬೇಕು. ಅದು ಬೇರೆಯ ಬಗೆ, ಅದರ ಗುಣಗಳೂ ಬೇರೆ.

ಸುಜಾತಾ ಮ್ಯಾಸಿಯವರ ಮಾಲೆ ನನ್ನ ದೃಷ್ಟಿಯಲ್ಲಿ ಈ ಮೂರರಲ್ಲಿ ಶ್ರೇಷ್ಠವಾದುದು. ಪರ್ವೀನ್ ಮಿಸ್ತ್ರಿ ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿ, 1921ರ ಬೊಂಬಾಯಿಯಲ್ಲಿ ತಂದೆಯ ಕಚೇರಿಯಲ್ಲಿ ಸಾಲಿಸಿಟರ್ ಆಗಿರುವ ಪಾರ್ಸಿ ತರುಣಿ. ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ ಮೊದಲ ಮಹಿಳೆ ಕಾರ್ನೇಲಿಯಾ ಸೊರಾಬ್ಜಿ (1866-1954) ಅವರ ನೆರಳು ಈ ಪಾತ್ರದ ಮೇಲೆ ಸ್ಪಷ್ಟವಾಗಿದೆ. ಮಹಿಳೆಯರು ವಕೀಲಿ ವೃತ್ತಿ ನಡೆಸಲು ಅಡ್ಡಿಯಿಲ್ಲವೆಂದು ಕಾಯಿದೆ ಬಂದದ್ದು 1923ರಲ್ಲಿ. ಆದ್ದರಿಂದ ಪರ್ವೀನಳ ವೃತ್ತಿಯಲ್ಲಿ ಲೇಖಕಿ ಸ್ವಲ್ಪ ಸ್ವಾತಂತ್ರ್ಯ ವಹಿಸಿದ್ದಾರೆ. ಆದರೆ ನ್ಯಾಯಾಲಯದಲ್ಲಿ ಅವಳಿಗೆ ವಾದಿಸುವ ಅವಕಾಶವಿಲ್ಲ. ಈ ಮಿತಿಯೇ ಕಥೆಯ ಬಲವಾಗಿದೆ. ಗಿರಣಿಯ ಮಾಲೀಕನೊಬ್ಬನ ಮೂವರು ವಿಧವೆಯರು ಪರದೆಯಲ್ಲಿದ್ದಾರೆ. ತಮ್ಮ ಮೆಹರಿನ ಆಸ್ತಿಯನ್ನು ವಕ್ಫಿಗೆ ಬಿಟ್ಟುಕೊಡುವ ಪತ್ರಕ್ಕೆ ರುಜು ಹಾಕಿದ್ದಾರೆ. ಗಂಡು ವಕೀಲನಾಗಲಿ ಪೊಲೀಸಿನವನಾಗಲಿ ದಾಟಲಾರದ ಪರದೆಯನ್ನು ದಾಟಿ ಅವರನ್ನು ಕಾಣಬಲ್ಲವಳು ಪರ್ವೀನ್ ಒಬ್ಬಳೇ. ನ್ಯಾಯಾಲಯದ ಬಾಗಿಲು ಮುಚ್ಚಿದವಳಿಗೆ ಜನಾನಾದ ಬಾಗಿಲು ತೆರೆಯುತ್ತದೆ.

ಇದರ ನಡುವೆ 1916ರಿಂದ ಆರಂಭವಾಗುವ ಇನ್ನೊಂದು ಕಥೆ ಬರುತ್ತದೆ. ಕಲ್ಕತ್ತೆಯ ಸೈರಸ್ ಸೋಡಾವಾಲಾನನ್ನು ಪ್ರೀತಿಸಿ ಮದುವೆಯಾದ ಪರ್ವೀನ್, ಅತ್ತೆಯ ಮನೆಯಲ್ಲಿ ತಿಂಗಳ ಆ ದಿನಗಳನ್ನು ಪ್ರತ್ಯೇಕ ಕೋಣೆಯೊಂದರಲ್ಲಿ ಕಳೆಯಬೇಕಾಗುತ್ತದೆ. ಇಂಗ್ಲಿಷ್ ಪ್ರಣಯ ಕಾದಂಬರಿಯ ಓದುಗರಿಗೆ ಇದು ವಿಚಿತ್ರವೆನಿಸಬಹುದು. 'ಹೊರಗಾಗುವುದು' ಎಂಬ ಮಾತನ್ನು ಬಲ್ಲ ನಮಗೆ ಅದನ್ನು ಟಿಪ್ಪಣಿಯಿಲ್ಲದೆ ಓದಲು ಸಾಧ್ಯ. ಗಂಡನ ದುರ್ನಡತೆ ತಿಳಿದು, ಅವನಿಂದ ಪೆಟ್ಟು ತಿಂದು ಅವಳು ಮನೆ ಬಿಡುತ್ತಾಳೆ. ಆಗ ಎದುರಾಗುವುದು 1865ರ ಪಾರ್ಸಿ ವಿವಾಹ ಮತ್ತು ವಿಚ್ಛೇದನ ಕಾಯಿದೆ. ಆ ಕಾಯಿದೆಯಲ್ಲಿ ಗಂಡನು ವೇಶ್ಯೆಯ ಸಂಗ ಮಾಡಿದ್ದಷ್ಟೇ ಹೆಂಡತಿಯ ವಿಚ್ಛೇದನಕ್ಕೆ ಆಧಾರವಾಗುತ್ತಿರಲಿಲ್ಲ. ಅವಳಿಗೆ ದೊರೆಯುವುದು ಪ್ರತ್ಯೇಕ ವಾಸದ ಹಕ್ಕು ಮಾತ್ರ. ಕಾನೂನಿನ ದೃಷ್ಟಿಯಲ್ಲಿ ಅವಳು ಇನ್ನೂ ಸೈರಸ್‌ನ ಹೆಂಡತಿ, ಮರುಮದುವೆಯ ಮಾತಿಲ್ಲ. ಕಾನೂನನ್ನೇ ವೃತ್ತಿಯಾಗಿಸಿಕೊಂಡವಳನ್ನು ಕಾನೂನೇ ಕಟ್ಟಿಹಾಕಿರುವ ಈ ಸ್ಥಿತಿಯಲ್ಲಿ ಪ್ರಣಯ, ಪತ್ತೇದಾರಿಕೆ, ಚರಿತ್ರೆ ಮೂರೂ ಒಂದೇ ಗಂಟಾಗಿ ಬಿಗಿದುಕೊಂಡಿವೆ. ಉಳಿದ ಇಬ್ಬರು ಲೇಖಕರಲ್ಲಿ ಈ ಗಂಟು ಬಿದ್ದಿಲ್ಲ.

2019ರ 'ದಿ ಸತಾಪುರ್ ಮೂನ್‌ಸ್ಟೋನ್'ನಲ್ಲಿ ಸಹ್ಯಾದ್ರಿಯ ಕಲ್ಪಿತ ಸಂಸ್ಥಾನವೊಂದಕ್ಕೆ ಹೋದ ಪರ್ವೀನ್‌ಗೆ ಕಾಲಿನ್ ಸ್ಯಾಂಡ್ರಿಂಗ್‌ಹ್ಯಾಮ್ ಎಂಬ ಬ್ರಿಟಿಷ್ ಅಧಿಕಾರಿಯ ಪರಿಚಯವಾಗುತ್ತದೆ. ಆ ಸಂಸ್ಥಾನದ ರಹಸ್ಯವನ್ನು ಹೆಣೆದ ಕ್ರಮ ನನಗೆ ಅಷ್ಟು ಹಿಡಿಸಲಿಲ್ಲ; ಅರಮನೆ, ಶಾಪ, ವಿಷ ಇವೆಲ್ಲ ಹಳೆಯ ಸಾಮಗ್ರಿ. ಆದರೆ ಇವರಿಬ್ಬರ ನಡುವಿನ ಒಲವನ್ನು ಲೇಖಕಿ ಅತಿ ಸಂಯಮದಿಂದ ಬರೆದಿದ್ದಾರೆ. ಪರ್ವೀನ್ ಮನೆತನದ ಹೆಸರಿಗೆ ಅಂಜುತ್ತಾಳೆ, ತಂದೆಯ ಕಚೇರಿಗೆ ಬರುವ ಕಕ್ಷಿದಾರರ ಬಗೆಗೆ ಯೋಚಿಸುತ್ತಾಳೆ. ಈ ಅಂಜಿಕೆಯನ್ನು ದೌರ್ಬಲ್ಯವೆಂದು ತೋರಿಸದೆ ಸ್ವಭಾವವೆಂದು ತೋರಿಸಿರುವಲ್ಲಿ, ತಿರುಮಲಾಂಬ ಅವರಲ್ಲಿ ಕಂಡ ಆ ಇಬ್ಬಗೆ ಪರ್ವೀನಳಲ್ಲಿಯೂ ಕಾಣುತ್ತದೆ. ಕೊಲೆಯ ರಹಸ್ಯ ಪ್ರತಿ ಸಲವೂ ಬಗೆಹರಿಯುತ್ತದೆ, ಅವಳ ಬದುಕಿನದು ಬಗೆಹರಿಯುವುದಿಲ್ಲ. 2021ರ 'ದಿ ಬಾಂಬೆ ಪ್ರಿನ್ಸ್' ರಾಜಕುಮಾರನ ಭೇಟಿಯ ದಿನಗಳ ಗಲಭೆಯನ್ನು, ಅದರಲ್ಲಿ ಪಾರ್ಸಿಗಳು ಅನುಭವಿಸಿದ ಭಯವನ್ನು ಚಿತ್ರಿಸುವಾಗ ಈ ಖಾಸಗಿ ಇಕ್ಕಟ್ಟಿಗೆ ಸಾರ್ವಜನಿಕ ಇಕ್ಕಟ್ಟೂ ಕೂಡಿಕೊಳ್ಳುತ್ತದೆ: ಆಳುವವರ ಕಡೆಯವರೆಂದು ಸಂಶಯಕ್ಕೆ ಗುರಿಯಾದ ಸಮುದಾಯದ ಹೆಣ್ಣು ಆಳುವವರಲ್ಲೊಬ್ಬನನ್ನು ಮೆಚ್ಚಿದ್ದಾಳೆ.

ಪಾರ್ಸಿ ವಿಚ್ಛೇದನದ ಕಾಯಿದೆ ಪರಿಷ್ಕಾರಗೊಂಡು ಹೆಂಡತಿಗೂ ಗಂಡನಷ್ಟೇ ಆಧಾರಗಳು ದೊರೆತದ್ದು 1936ರಲ್ಲಿ. ಮಾಲೆಯ ನಾಲ್ಕನೆಯ ಕಾದಂಬರಿ 'ದಿ ಮಿಸ್ಟ್ರೆಸ್ ಆಫ್ ಭಾಟಿಯಾ ಹೌಸ್' (2023) ನಡೆಯುವುದು 1922ರಲ್ಲಿ. ಪರ್ವೀನ್‌ಗೆ ಆಗ ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸು. ಆ ಕಾಯಿದೆ ಬರಲು ಇನ್ನೂ ಹದಿನಾಲ್ಕು ವರ್ಷವಿದೆ.