ಮುಹೂರ್ತದ ಹೊತ್ತು, ಮೊಗ್ಗಿನ ಹೊತ್ತು

ಮದುವೆಗೆ ಹೂವಿನ ಅಲಂಕಾರ ಮಾಡಿಕೊಡಿ ಎಂದು ಬಂದವರನ್ನು ನಾನು ಮೊದಲು ಕೇಳುವುದು ಮುಹೂರ್ತದ ಹೊತ್ತನ್ನು. ಸೀರೆಯ ಬಣ್ಣ, ವೇದಿಕೆಯ ಅಗಲ, ಬಜೆಟ್ಟು, ಮೊಬೈಲಿನಲ್ಲಿ ಕೂಡಿಟ್ಟುಕೊಂಡು ಬಂದ ಫೋಟೊಗಳು ಎಲ್ಲ ಆಮೇಲೆ. ಮಲ್ಲಿಗೆ ಮೊಗ್ಗನ್ನು ಬೆಳಗಿನ ತಂಪಿನಲ್ಲಿ ಬಿಡಿಸುತ್ತಾರೆ, ಅದು ಬಿರಿಯುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಬೆಳಗಿನ ಧಾರೆಗೂ ಸಂಜೆಯ ಆರತಕ್ಷತೆಗೂ ಒಂದೇ ಕಂತಿನ ಹೂ ತರಿಸಿದರೆ ಎರಡರಲ್ಲಿ ಒಂದು ಕೆಡುತ್ತದೆ. ಧಾರೆಯ ಮಾಲೆಗೆ ಹಿಂದಿನ ದಿನದ ಮೊಗ್ಗು ಬೇಕು. ಅದನ್ನು ರಾತ್ರಿಯಿಡೀ ಒದ್ದೆಬಟ್ಟೆಯಲ್ಲಿ ತಂಪಾಗಿಟ್ಟು, ಬಿರಿಯುವುದನ್ನು ತುಸು ತಡೆದಿರಬೇಕು. ಆರತಕ್ಷತೆಯ ಜಡೆಗೆ ಅಂದೇ ಬಿಡಿಸಿದ ಮೊಗ್ಗು. ಹೂವಿನ ವಿನ್ಯಾಸ ಶುರುವಾಗುವುದೇ ಈ ಲೆಕ್ಕದಿಂದ ಎಂದು ನಾನು ನಂಬಿದ್ದೇನೆ.

ಈ ನಂಬಿಕೆ ಹುಟ್ಟಿದ್ದು ಮೊಗ್ಗಿನ ಜಡೆಯಿಂದ. ಹಳೆಯ ಮೈಸೂರು, ಬೆಂಗಳೂರಿನ ಮನೆಗಳ ಆಲ್ಬಮ್ಮುಗಳಲ್ಲಿ ಆ ಚಿತ್ರ ಇದ್ದೇ ಇರುತ್ತದೆ: ಹೆಣ್ಣುಮಗಳು ಕ್ಯಾಮೆರಾದ ಕಡೆ ಮುಖ ಮಾಡಿದ್ದಾಳೆ, ಬೆನ್ನ ಹಿಂದೆ ನಿಲುಗನ್ನಡಿ, ಕನ್ನಡಿಯಲ್ಲಿ ಇಡೀ ಜಡೆ. ಜಡೆ ಕಟ್ಟುವವರ ಪಕ್ಕ ಕೂತು ನೋಡಬೇಕು. ಮೊದಲು ಮೊಗ್ಗುಗಳನ್ನು ಒದ್ದೆಬಟ್ಟೆಯ ಮೇಲೆ ಹರವಿ ಉದ್ದ, ದಪ್ಪ ನೋಡಿ ಬೇರೆ ಬೇರೆ ಗುಡ್ಡೆ ಮಾಡುತ್ತಾರೆ. ಬಾಳೆಪಟ್ಟೆಯನ್ನು ಜಡೆಯ ಅಗಲಕ್ಕೆ, ಕೆಳಗೆ ಹೋಗುತ್ತ ಸಣ್ಣದಾಗುವ ಹಾಗೆ ಕತ್ತರಿಸಿ, ಒಂದೊಂದೇ ಮೊಗ್ಗನ್ನು ಸೂಜಿದಾರದಲ್ಲಿ ಅದಕ್ಕೆ ಹೊಲಿಯುತ್ತಾರೆ. ದಪ್ಪ ಮೊಗ್ಗು ಮೇಲಕ್ಕೆ, ಎಳೆಯದು ತುದಿಗೆ. ಸಾಲುಗಳ ನಡುವೆ ಗೆರೆ ಎಳೆದಂತೆ ಕನಕಾಂಬರ, ಅಂಚಿಗೆ ಮರುಗ. ಕಟ್ಟುವಾಗ ಗೆರೆಗಳೆಲ್ಲ ಚೂಪಾಗಿರುತ್ತವೆ. ಸಂಜೆ ಮೊಗ್ಗು ಬಿರಿದಾಗ ಬಿಳುಪು ಉಬ್ಬಿ, ಕನಕಾಂಬರದ ಗೆರೆ ಅರ್ಧ ಮುಚ್ಚಿಹೋಗುತ್ತದೆ. ಚೆನ್ನಾಗಿ ಕಟ್ಟುವವರು ಆ ಎರಡನೆಯ ರೂಪವನ್ನೂ ಮೊದಲೇ ಮನಸ್ಸಿನಲ್ಲಿ ಕಂಡು, ಗೆರೆಯನ್ನು ಅಷ್ಟು ಅಗಲ ಬಿಟ್ಟಿರುತ್ತಾರೆ. ವಿನ್ಯಾಸದ ಯಾವ ಶಾಲೆಯ ಪಾಠವೂ ನನಗೆ ಇದಕ್ಕಿಂತ ದೊಡ್ಡದಾಗಿ ಕಂಡಿಲ್ಲ.

ನಮ್ಮಲ್ಲಿ ಮೈಸೂರು, ಹಡಗಲಿ, ಉಡುಪಿ ಮೂರೂ ಕಡೆಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕೆಲಸದ ದೃಷ್ಟಿಯಿಂದ ನನ್ನ ಒಲವು ಉಡುಪಿಯ ಶಂಕರಪುರದ ಮಲ್ಲಿಗೆಯ ಕಡೆಗೆ. ಅದು ಬೇಗ ಬಾಡದು, ಕಂಪು ಬಹಳ ಹೊತ್ತು ನಿಲ್ಲುತ್ತದೆ. ಅಲ್ಲಿ ಹೂವನ್ನು ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ, ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಚೆಂಡಿಗೆ ಸುಮಾರು 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೂ ನಿಗದಿಯಾಗುತ್ತದೆ. ಒದ್ದೆ ನಾರು ಹೂವಿನ ತೊಟ್ಟಿಗೆ ತಂಪು ಕೊಡುತ್ತಲೇ ಇರುತ್ತದೆ, ಅದಕ್ಕೇ ನೂಲಿನಲ್ಲಿ ಕಟ್ಟಿದ ಮಾಲೆಯನ್ನು ನಾನು ಆದಷ್ಟೂ ಒಪ್ಪುವುದಿಲ್ಲ. ಚಳಿಗಾಲದ ಮದುವೆಗಳಿಗೆ ಮಲ್ಲಿಗೆ ಕಡಿಮೆ, ಬೆಲೆಯೂ ಏರಿರುತ್ತದೆ. ಆಗ ಕಾಕಡ ಇದೆ. ಅದರಲ್ಲಿ ಕಂಪು ಸಾಲದು, ಒಂದೆರಡು ಎಸಳು ದವನ, ಪಚ್ಚೆತೆನೆ ಸೇರಿಸಿದರೆ ಆ ಕೊರತೆ ತುಂಬುತ್ತದೆ.

ಪರದೇಶದ ಹೂವೆಂದರೆ ನನಗೆ ಆಗದು ಎಂದು ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ನಮ್ಮ ಬಾಗಿಲ ತೋರಣದ ಚೆಂಡುಹೂವಿನ ತವರೂ ಮೆಕ್ಸಿಕೊ, ಹಾರದ ಸುಗಂಧರಾಜದ ತವರೂ ಅದೇ. ನನ್ನ ತಕರಾರು ಕಂಪಿಲ್ಲದ ಹೂವಿನ ಬಗ್ಗೆ. ಪೆಟ್ಟಿಗೆಯಲ್ಲಿ ದಿನಗಟ್ಟಲೆ ಪ್ರಯಾಣ ತಡೆಯಲೆಂದೇ ಬೆಳೆಸಿದ ಗುಲಾಬಿ ತಳಿಗಳಲ್ಲಿ ಬಹಳಷ್ಟಕ್ಕೆ ವಾಸನೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮದುವೆಯಲ್ಲಿ ವಧೂವರರ ನಡುವೆ ಅಂತರಪಟ ಹಿಡಿದಿರುತ್ತಾರೆ. ಇಬ್ಬರೂ ಮಾಲೆ ಹಿಡಿದು ನಿಂತಿರುವಾಗ ಆಚೆಯ ಮುಖ ಕಾಣುವ ಮೊದಲೇ ಹೂವಿನ ಕಂಪು ಬಟ್ಟೆ ದಾಟಿ ಬಂದಿರುತ್ತದೆ. ಆ ಗಳಿಗೆಗೆ ವಾಸನೆಯಿಲ್ಲದ ಹೂ ಕಟ್ಟಿಕೊಡಲು ನನಗೆ ಮನಸ್ಸೊಪ್ಪುವುದಿಲ್ಲ. ಮಾಲೆ ಹಗುರವಾಗಿಯೂ ಇರಬೇಕು. ಹುಡುಗಿ ಅದನ್ನು ಪೇಟದ ಮೇಲಿಂದ ಎತ್ತಿ ಹಾಕಬೇಕಲ್ಲ.

ಇಂಗ್ಲೆಂಡಿನ ಕಾನ್‌ಸ್ಟನ್ಸ್ ಸ್ಪ್ರೈ ಎಂಬಾಕೆ ನನಗೆ ಇನ್ನೊಂದು ಬಗೆಯ ಧೈರ್ಯ ಕೊಟ್ಟವಳು. ಸಿಂಹಾಸನ ಬಿಟ್ಟ ಎಡ್ವರ್ಡ್ 1937ರಲ್ಲಿ ಫ್ರಾನ್ಸಿನಲ್ಲಿ ಮದುವೆಯಾದಾಗ ಹೂವಿನ ಅಲಂಕಾರ ಅವಳದೇ. ಶ್ರೀಮಂತರ ಮನೆಗಳ ಹೂದಾನಿಗಳಿಗೆ ಬೇಲಿಯ ಬಳ್ಳಿ, ಕಾಡುಹಣ್ಣಿನ ಗೊಂಚಲು, ಎಲೆಕೋಸಿನ ಜಾತಿಯ ಕೇಲ್ ಸೊಪ್ಪನ್ನೂ ಸಂಕೋಚವಿಲ್ಲದೆ ತಂದಿಟ್ಟವಳು ಆಕೆ. ಅವಳ ಕೆಲಸದ ಬಗ್ಗೆ ಓದಿದ ಮೇಲೆ ನಮ್ಮ ಅಡಿಕೆಯ ಹಿಂಗಾರವನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದೆ. ಹಾಳೆಯೊಳಗೆ ಮುಚ್ಚಿಕೊಂಡೇ ಮಂಟಪಕ್ಕೆ ಬಂದು, ಅಲ್ಲಿಯೇ ಸೀಳಿದಾಗ ಬೆಣ್ಣೆ ಬಣ್ಣದ ಎಳೆಗಳು ಹೊರಚೆಲ್ಲುತ್ತವೆ. ಅದರ ಮುಂದೆ ತರಿಸಿದ ಆರ್ಕಿಡ್ ಮಂಕು. ಮಲೆನಾಡು, ಕರಾವಳಿಯಲ್ಲಿ ಪೂಜೆಗೆ ಇದು ಬೇಕೇಬೇಕು. ಬೆಂಗಳೂರಿನ ಕಲ್ಯಾಣಮಂಟಪಗಳಿಗೆ ಮಾತ್ರ ಇನ್ನೂ ಅಪರೂಪ.

ಕೊನೆಗೆ ಒಂದು ಒತ್ತಾಯದ ಮಾತು. ವೇದಿಕೆಯ ಹೂಗಳನ್ನು ಚುಚ್ಚಿಡಲು ಈಗ ಎಲ್ಲ ಕಡೆ ಬಳಸುವುದು ನೀರು ಹೀರುವ ಹಸಿರು ಫೋಮ್ ಇಟ್ಟಿಗೆ. 1954ರಲ್ಲಿ ಅಮೆರಿಕದಲ್ಲಿ ಹೊರಬಂದ ಈ ವಸ್ತು ಒಂದು ಬಗೆಯ ಪ್ಲಾಸ್ಟಿಕ್. ಮಣ್ಣಿನಲ್ಲಿ ಕರಗದೆ ಪುಡಿಪುಡಿಯಾಗಿ ಚರಂಡಿ ಸೇರುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಪುಷ್ಪಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿದೆ. ನಮಗೆ ಬಾಳೆದಿಂಡು ಇದೆ. ತೊಟ್ಟನ್ನು ಓರೆಯಾಗಿ ಕತ್ತರಿಸಿ ದಿಂಡಿಗೆ ಚುಚ್ಚಿದರೆ ಅದರ ನೀರಿನಲ್ಲೇ ಹೂ ಧಾರೆಯಿಂದ ಆರತಕ್ಷತೆಯ ತನಕ ನಿಲ್ಲುತ್ತದೆ, ಮರುದಿನ ದಿಂಡು ದನದ ಮುಂದೆ ಹೋಗುತ್ತದೆ. ಭಾರ ಹೆಚ್ಚು, ಸಾಗಿಸುವುದು ಕಷ್ಟ, ಕೆಲಸದವರು ಗೊಣಗುತ್ತಾರೆ, ನಿಜ. ಆದರೂ ಈ ವೈಶಾಖದ ಮದುವೆಗಳಿಗೆ ಹೂ ಹೇಳುವವರು ಎರಡು ಮಾತು ಮೊದಲೇ ಒಪ್ಪಿಸಿಕೊಳ್ಳಿ: ಫೋಮ್ ಬೇಡ, ದಿಂಡು ಇರಲಿ, ಧಾರೆಮಂಟಪದ ಹೂವಿನ ಮೇಲೆ ಎಸಿಯ ಗಾಳಿ ನೇರವಾಗಿ ಬೀಳದಿರಲಿ.