ಅಲುಗದ ಬಳೆ, ಕಿರಿದಾದ ದಾರಿ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹಾರ್ಮನಿ ಘಟಕದ ಮುಂಭಾಗದಲ್ಲೊಂದು, ನೆತ್ತಿಯ ಮೇಲೊಂದು ಲೋಹದ ಬಳೆ ಕೂತಿದೆ. ಇಂಟರ್‌ನ್ಯಾಷನಲ್ ಡಾಕಿಂಗ್ ಅಡಾಪ್ಟರ್ ಎಂಬುದು ಪೂರ್ತಿ ಹೆಸರು, ಬಳಕೆಯಲ್ಲಿ ಐಡಿಎ. ಅರ್ಧ ಟನ್ನಿನಷ್ಟು ತೂಕ, ಸುಮಾರು 1.6 ಮೀಟರ್ ಅಗಲ. 2025ರ ಜೂನ್‌ನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣದೊಳಗೆ ಕಾಲಿಟ್ಟದ್ದು ನೆತ್ತಿಯ ಮೇಲಿನ ಬಳೆಯನ್ನು ದಾಟಿಯೇ. ಅಂದು ದೇಶದ ಕಣ್ಣೆಲ್ಲ ಅವರ ಮೇಲಿತ್ತು. ಅವರನ್ನು ಒಳಗೆ ಬಿಟ್ಟುಕೊಂಡ ಆ ಬಳೆಯ ವಿನ್ಯಾಸವೂ ನಮ್ಮ ಗಮನಕ್ಕೆ ಅರ್ಹ.

ಇದರ ಅಗತ್ಯ ಹುಟ್ಟಿದ್ದು ಷಟಲ್ ನೌಕೆಗಳ ನಿವೃತ್ತಿಯಿಂದ. ನಿಲ್ದಾಣದಲ್ಲಿ ಮೊದಲೇ ಇದ್ದ ರಷ್ಯನ್ ಮೂಲದ ಜೋಡಣೆ, ಅಪಾಸ್-95, ಸುಮಾರು ನೂರು ಟನ್ನಿನ ಷಟಲ್‌ಗೆ ಹೇಳಿ ಮಾಡಿಸಿದ್ದು. ಭಾರದ ನೌಕೆ ಒತ್ತಿದರೆ ಅದರ ಕೊಂಡಿಗಳು ಹಿಡಿಯುತ್ತಿದ್ದವು. ಹಗುರ ಕ್ಯಾಪ್ಸೂಲ್‌ಗಳಿಗೆ ಆ ಒತ್ತಡ ಎಲ್ಲಿಂದ ಬರಬೇಕು? 2010ರಲ್ಲಿ ಪಾಲುದಾರ ದೇಶಗಳು ಮೆಲುವಾಗಿ ಹಿಡಿಯುವ ಹೊಸ ಡಾಕಿಂಗ್ ಮಾನದಂಡವೊಂದನ್ನು ಪ್ರಕಟಿಸಿದವು. ಹಳೆಯ ಅಪಾಸ್‌ಗೂ ಹೊಸ ಮಾನದಂಡಕ್ಕೂ ನಡುವೆ ನಿಲ್ಲುವುದೇ ಐಡಿಎ.

ಈ ವಿನ್ಯಾಸದಲ್ಲಿ ನಾನು ಬಹಳವಾಗಿ ಮೆಚ್ಚುವುದು ಡಾಕಿಂಗ್ ವೇಳೆ ಅದು ತೋರುವ ನಿಶ್ಚಲತೆಯನ್ನು. ಬರುವ ನೌಕೆ ತನ್ನ ಬಳೆಯನ್ನು ಮುಂದಕ್ಕೆ ಚಾಚುತ್ತದೆ. ಆ ಬಳೆಯ ಮೂರು ದಳಗಳು ಐಡಿಎಯ ಮೂರು ದಳಗಳ ಸಂದಿಯಲ್ಲಿ ಜಾರಿ ಕೂರುತ್ತವೆ. ತುಸು ಓರೆಯಾಗಿ ಬಂದರೂ ದಳಗಳ ಇಳಿಜಾರೇ ಸರಿಪಡಿಸುತ್ತದೆ. ಸಣ್ಣ ಚಿಲಕಗಳು ಹಿಡಿದ ಮೇಲೆ ನೌಕೆ ಬಳೆಯನ್ನು ಹಿಂದಕ್ಕೆಳೆದುಕೊಳ್ಳುತ್ತದೆ, 12 ಕೊಕ್ಕೆಗಳು ಬಿಗಿಯುತ್ತವೆ, ರಬ್ಬರ್ ಸೀಲುಗಳು ಒತ್ತಿಕೊಂಡು ಗಾಳಿ ಸೋರದಂತೆ ತಡೆಯುತ್ತವೆ. ಇಷ್ಟೂ ಹೊತ್ತು ಐಡಿಎ ಸುಮ್ಮನೆ ನಿಂತಿರುತ್ತದೆ. ಸವೆಯುವ, ಕೆಡುವ ಭಾಗಗಳೆಲ್ಲ ನೌಕೆಯವು. ಡ್ರ್ಯಾಗನ್‌ನಂಥ ನೌಕೆಯ ಯಂತ್ರ ಭೂಮಿಗೆ ಮರಳುತ್ತದೆ, ಬಿಚ್ಚಿ ನೋಡಬಹುದು. ನಿಲ್ದಾಣದ ಹೊರಮೈಯಲ್ಲಿರುವುದನ್ನು ರಿಪೇರಿ ಮಾಡಬೇಕಾದರೆ ಸ್ಪೇಸ್‌ಸೂಟ್ ತೊಟ್ಟು ಹೊರಗಿಳಿಯಬೇಕು. ಹೊಣೆಯನ್ನು ಹೀಗೆ ಹಂಚಿದ್ದು ನಿಜವಾದ ಎಂಜಿನಿಯರಿಂಗ್ ವಿವೇಕ.

ಮಾನದಂಡವೂ ಅಷ್ಟೇ ಸಂಯಮದ್ದು. ಎರಡು ಮುಖಗಳು ಸೇರುವ ಜಾಗದ ಅಳತೆಗಳನ್ನಷ್ಟೇ ಹೇಳಿ, ಒಳಗಿನ ಯಂತ್ರ ಹೇಗಿರಬೇಕೆಂಬುದನ್ನು ತಯಾರಕರಿಗೇ ಬಿಟ್ಟಿದೆ. ಐಡಿಎಯನ್ನು ಕಟ್ಟಿದ್ದು ಬೋಯಿಂಗ್. ಅದರ ಮುಖ್ಯ ಚೌಕಟ್ಟು ಬಂದದ್ದು ರಷ್ಯಾದ ಎನರ್ಜಿಯಾದಿಂದ. 2015ರ ಜೂನ್ 28ರಂದು ಮೊದಲ ಐಡಿಎ ರಾಕೆಟ್ ಸ್ಫೋಟದಲ್ಲಿ ನಾಶವಾಯಿತು. ಎರಡನೆಯದು 2016ರಲ್ಲಿ ನಿಲ್ದಾಣವನ್ನು ಸೇರಿತು, ಬಿಡಿಭಾಗಗಳನ್ನು ಕೂಡಿಸಿ ಕಟ್ಟಿದ ಮೂರನೆಯದು 2019ರಲ್ಲಿ.

ಇಷ್ಟು ಮೆಚ್ಚಿದ ಮೇಲೂ ಎರಡು ತಕರಾರುಗಳು ಉಳಿಯುತ್ತವೆ.

ಮೊದಲನೆಯದು ದಾರಿಯದು. ಐಡಿಎ ಕೂತಿರುವುದೇ ಇನ್ನೊಂದು ಅಡಾಪ್ಟರಿನ ಮೇಲೆ. ಹಳೆಯದರ ತುದಿಗೆ ಹೊಸದನ್ನು ತೊಡಿಸಿದಾಗ ಹಳೆಯದರ ಇಕ್ಕಟ್ಟೂ ಜೊತೆಗೇ ಬಂತು. ಇಲ್ಲಿನ ಹಾದಿಯ ವ್ಯಾಸ ಹೆಚ್ಚೆಂದರೆ 80 ಸೆಂಟಿಮೀಟರ್. ರೋಬಾಟ್ ತೋಳಿನಿಂದ ಹಿಡಿದು ಕೂಡಿಸುವ ಬರ್ತಿಂಗ್ ಬಾಗಿಲು ಸುಮಾರು 127 ಸೆಂಟಿಮೀಟರ್ ಅಗಲದ್ದು. ಮನುಷ್ಯನಿಗೆ 80 ಸಾಕು, ಪ್ರಯೋಗಾಲಯದ ದೊಡ್ಡ ರ‍್ಯಾಕಿಗೆ ಸಾಲದು. ಹಳೆಯ ಸರಕು ಡ್ರ್ಯಾಗನ್ ಅಗಲದ ಬಾಗಿಲಿಗೆ ಬರುತ್ತಿತ್ತು, ಹೊಸದು ಐಡಿಎಗೆ ಬರುತ್ತದೆ. ತಾನಾಗಿಯೇ ಬಂದು ಸೇರುವ ಅನುಕೂಲಕ್ಕೆ ಕೊಟ್ಟ ಬೆಲೆ ಇದು. ಬೆಲೆ ದೊಡ್ಡದೇ.

ಎರಡನೆಯ ತಕರಾರು ಇನ್ನೂ ಆಳದ್ದು. 1975ರ ಜುಲೈ 17ರಂದು ಅಮೆರಿಕದ ಅಪೋಲೊ ಮತ್ತು ಸೋವಿಯತ್ ಒಕ್ಕೂಟದ ಸೋಯುಜ್ ನೌಕೆಗಳು ಕೂಡಿದಾಗಲೂ ನಡುವೆ ಒಂದು ಅಡಾಪ್ಟರ್ ಇತ್ತು. ಸುಮಾರು ಎರಡು ಟನ್ನಿನ ಆ ಡಾಕಿಂಗ್ ಮಾಡ್ಯೂಲ್ ಗಾಳಿಯ ವ್ಯತ್ಯಾಸವನ್ನೂ ನಿಭಾಯಿಸಬೇಕಿತ್ತು. ಅಪೋಲೊದಲ್ಲಿ ವಾತಾವರಣದ ಮೂರನೇ ಒಂದು ಭಾಗದ ಒತ್ತಡದ ಆಮ್ಲಜನಕ. ಸೋಯುಜ್ ತನ್ನ ಒತ್ತಡವನ್ನು ಮೂರನೇ ಎರಡಕ್ಕೆ ಇಳಿಸಿಕೊಂಡಿತ್ತು. ಸೋವಿಯತ್ ಎಂಜಿನಿಯರ್ ವ್ಲಾದಿಮಿರ್ ಸಿರೊಮ್ಯಾತ್ನಿಕೊವ್ ಮತ್ತು ಅಮೆರಿಕದ ಎಂಜಿನಿಯರುಗಳು ರೂಪಿಸಿದ ಜೋಡಣೆಯ ಜೀವಾಳ ಸಮಾನತೆ. ಎರಡೂ ಬದಿ ಒಂದೇ ಬಗೆ, ಯಾರು ಬೇಕಾದರೂ ಹಿಡಿಯಬಹುದು, ಯಾರು ಬೇಕಾದರೂ ಹಿಡಿಸಿಕೊಳ್ಳಬಹುದು. ಎರಡು ದಿನಗಳ ನಂತರದ ಎರಡನೆಯ ಡಾಕಿಂಗ್‌ನಲ್ಲಿ ಹಿಡಿಯುವ ಸರದಿ ಸೋಯುಜ್‌ನದು. ಕಷ್ಟಕ್ಕೆ ಸಿಕ್ಕ ನೌಕೆಯನ್ನು ಯಾವ ನೌಕೆಯಾದರೂ ರಕ್ಷಿಸಬೇಕೆಂಬ ಆಸೆ ಅದರ ಹಿಂದಿತ್ತು.

ಹೊಸ ಮಾನದಂಡ ಈ ಸಮಾನತೆಗೆ ಅವಕಾಶ ಕೊಟ್ಟಿದೆ, ಐಡಿಎ ಅದನ್ನು ಬಳಸಿಲ್ಲ. ಅದಕ್ಕೆ ಹಿಡಿಸಿಕೊಳ್ಳಲು ಮಾತ್ರ ಗೊತ್ತು. ನಿಲ್ದಾಣಕ್ಕೆ ಇದು ಸರಿಯೇ. ಆದರೆ ನಿಲ್ದಾಣ ಹೀಗಿದ್ದರೆ ನೌಕೆಗಳು ಹಿಡಿಯುವ ಅರ್ಧವನ್ನಷ್ಟೇ ಹೊತ್ತು ಬಂದರೂ ನಡೆಯುತ್ತದೆ. ಅಂಥ ಎರಡು ನೌಕೆಗಳು ಕಕ್ಷೆಯಲ್ಲಿ ಎದುರಾದರೆ ಒಂದನ್ನೊಂದು ಕೂಡಲಾರವು.

ಈ ಕಾರಣಕ್ಕೇ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಕೆಲಸ ನನಗೆ ಮುಖ್ಯ ಅನ್ನಿಸುತ್ತದೆ. 2025ರ ಜನವರಿ 16ರಂದು ಕೂಡಿದ, ಇಸ್ರೋದ ಡಾಕಿಂಗ್ ಪ್ರಯೋಗವಾದ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು, ತಲಾ ಸುಮಾರು 220 ಕಿಲೊ, ಒಂದೇ ಬಗೆಯ ಜೋಡಣೆ ಹೊತ್ತಿದ್ದವು. ಸೆಕೆಂಡಿಗೆ ಸುಮಾರು 10 ಮಿಲಿಮೀಟರ್ ವೇಗದಲ್ಲಿ ಹತ್ತಿರ ಸರಿದು ಹಿಡಿಯುವಂತೆ ರೂಪಿಸಿದ, ಎರಡೇ ಮೋಟಾರುಗಳ ಯಂತ್ರ ಅದು. ಮನುಷ್ಯ ತೂರುವಷ್ಟು ದೊಡ್ಡದಲ್ಲ, ಆದರೂ ಸಮಾನತೆಯ ತತ್ತ್ವವನ್ನು ಕೈಬಿಟ್ಟಿಲ್ಲ. ಭಾರತೀಯ ಅಂತರಿಕ್ಷ ನಿಲ್ದಾಣದ ಘಟಕಗಳಿಗೆ ಇದನ್ನು ಹಿಗ್ಗಿಸುವಾಗ ಆ ತತ್ತ್ವ ಉಳಿಯಲಿ. ಜೊತೆಗೆ ಒಂದು ಬಾಗಿಲಾದರೂ ರ‍್ಯಾಕ್ ತೂರುವಷ್ಟು ಅಗಲವಿರಲಿ. ಘಟಕ ಕಕ್ಷೆ ಸೇರಿದ ಮೇಲೆ ಬಾಗಿಲನ್ನು ಅಗಲ ಮಾಡುವ ಅಡಾಪ್ಟರ್ ಯಾವುದೂ ಇಲ್ಲ.