ಹಸಿರು ಎಲ್ಲಿಂದ ಬಂತು?

ಕಂಪ್ಲೈಯನ್ಸ್ ಸಾಫ್ಟ್‌ವೇರ್‌ಗಳ ಡೆಮೋ ಮದುವೆ ಬಯೋಡೇಟಾ ಇದ್ದ ಹಾಗೆ. ಎಲ್ಲ ಗುಣವೂ ಇರುತ್ತೆ, ದೋಷ ಮಾತ್ರ ಒಂದೂ ಇರಲ್ಲ. ಐಎಸ್ಒ 27001ರ 2022ರ ಆವೃತ್ತಿಯಲ್ಲಿರುವ 93 ಕಂಟ್ರೋಲ್‌ಗಳೂ ಪರದೆ ಮೇಲೆ ಹಸಿರು. ನಾವು ಬೆಲೆ ಕೇಳುತ್ತೇವೆ, ಎಷ್ಟು ದಿನಕ್ಕೆ ರೆಡಿಯಾಗುತ್ತೆ ಅಂತ ಕೇಳುತ್ತೇವೆ. ಆ ಹಸಿರು ಎಲ್ಲಿಂದ ಬಂತು ಅಂತ ಮಾತ್ರ ಕೇಳಲ್ಲ. ನನ್ನ ತಕರಾರು ಇಷ್ಟೇ.

ಕೋಲಾರದ ಕಡೆ ಹೊಸ ಕೆಲಸಕ್ಕೆ ಕೈ ಹಾಕುವವರು ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಗೆ ಹೋಗಿ, ಆ ಏಕಶಿಲಾ ಗಣಪನಿಗೆ ಕೈಮುಗಿದು ಬರುತ್ತಾರೆ. ಚುನಾವಣೆ ಪ್ರಚಾರಕ್ಕೆ ಹೊರಡುವ ನಾಯಕರೂ ಅಷ್ಟೆ. ಆದರೆ ಗಾಡಿಪೂಜೆ ಮಾಡಿಸಿದೆವು ಅಂತ ಯಾರೂ ಬ್ರೇಕ್ ನೋಡೋದನ್ನ ಬಿಡಲ್ಲ. ಸಾಫ್ಟ್‌ವೇರ್ ಕೊಳ್ಳುವಾಗ ಮಾತ್ರ ನಮಗೆ ಪೂಜೆಯೇ ಸಾಕಾಗಿಬಿಡುತ್ತೆ.

ಬ್ರೇಕ್ ಹಿಡಿಯದಿದ್ದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಮುಳಬಾಗಿಲಿನಿಂದ ಬೆಂಗಳೂರಿಗೆ ಬರುವ ಹೆದ್ದಾರಿಯಲ್ಲೇ, ಕೋಲಾರ ದಾಟಿದ ಮೇಲೆ ನರಸಾಪುರ ಸಿಗುತ್ತೆ. ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ಸಿಟ್ಟು ಗಾಜು ಒಡೆಯುವ ಮಟ್ಟಕ್ಕೆ ಹೋಯಿತು. ಕೆಲಸದ ಅವಧಿಯ ಲೆಕ್ಕ ನೋಡಿಕೊಳ್ಳುವ ಸರಿಯಾದ ವ್ಯವಸ್ಥೆಯೇ ಇರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರ ಸಂಬಳ ತಡವಾಯಿತು ಎಂದು ಆ್ಯಪಲ್ ಒಂದೇ ವಾರದಲ್ಲಿ ಹೇಳಿತು. ಹಾಜರಾತಿ ದಾಖಲೆ ಸರಿಯಿಲ್ಲ, ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿ ಸಾಲದು ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆಯೂ ಗುರುತಿಸಿತ್ತು. ಆ್ಯಪಲ್ ಬಳಿ ಪೂರೈಕೆದಾರರ ನೀತಿಸಂಹಿತೆ ಮೊದಲಿನಿಂದಲೂ ಇತ್ತು. ನಿಯಮ ಇದ್ದೂ ಕಾವಲು ಇರಲಿಲ್ಲ.

ಈಗ ಓಟಿಯನ್ನೇ ತಗೊಳ್ಳಿ. 1948ರ ಕಾರ್ಖಾನೆ ಕಾಯಿದೆಯ 59ನೇ ಸೆಕ್ಷನ್ ಪ್ರಕಾರ ಓಟಿಗೆ ಮಾಮೂಲು ಕೂಲಿಯ ಎರಡರಷ್ಟು ಕೊಡಬೇಕಿತ್ತು. ಒಂದು ಸಾಫ್ಟ್‌ವೇರ್‌ಗೆ ಎಚ್ಆರ್ ಸಹಿ ಹಾಕಿದ ಪಾಲಿಸಿ ಪಿಡಿಎಫ್ ಅಪ್ಲೋಡ್ ಮಾಡಿದರೆ ಸಾಕು, ಹಸಿರು. ಇನ್ನೊಂದು ಪಂಚಿಂಗ್ ಮೆಷಿನ್ನಿನ ಗಂಟೆಗಳನ್ನೂ ಬ್ಯಾಂಕಿಗೆ ಹೋದ ಸಂಬಳವನ್ನೂ ತಾಳೆ ನೋಡಿ, ಹೊಂದದಿದ್ದರೆ ಕೆಂಪು ತೋರಿಸುತ್ತೆ. ಡೆಮೋದಲ್ಲಿ ಮೊದಲನೆಯದೇ ಚೆಂದ ಕಾಣೋದು. ಮ್ಯಾನೇಜ್‌ಮೆಂಟಿಗೂ ಅದೇ ಇಷ್ಟ, ಯಾಕಂದ್ರೆ ಅದು ತಲೆನೋವು ಕೊಡಲ್ಲ.

ಹಾಗಾಗಿ ಡೆಮೋದಲ್ಲಿ ಮೂರು ಕೆಲಸ ಮಾಡಿಸಿ. ಬೇಕಂತಲೇ ಒಂದು ತಪ್ಪು ಲೆಕ್ಕ ಹಾಕಿಸಿ, ಎಷ್ಟು ಹೊತ್ತಿಗೆ ಕೆಂಪಾಗುತ್ತೆ ನೋಡಿ. ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ತಿಳಿಸಬೇಕೆಂದು ಸರ್ಟ್-ಇನ್ 2022ರಲ್ಲೇ ಹೇಳಿದೆ; ವಾರಕ್ಕೊಮ್ಮೆ ಎಚ್ಚರಾಗುವ ಸಾಫ್ಟ್‌ವೇರ್ ತಗೊಂಡು ಏನು ಮಾಡ್ತೀರಿ? ಎರಡನೆಯದು, ಕೆಂಪನ್ನು ಕೈಯಾರೆ ಹಸಿರು ಮಾಡೋಕೆ ಯಾರಿಗೆ ಅಧಿಕಾರ ಇದೆ, ಮಾಡಿದರೆ ಅವರ ಹೆಸರು ದಾಖಲಾಗುತ್ತಾ ಕೇಳಿ. ಮೂರನೆಯದು, ಲೆಕ್ಕ ತಪ್ಪಿದೆ ಅಂತ ಕೆಳಗಿನವರು ದೂರು ಕೊಟ್ಟರೆ ಅದೂ ಅದೇ ಪರದೆ ಮೇಲೆ ಬರುತ್ತಾ ನೋಡಿ.

ಸಣ್ಣ ಕಂಪನಿಯಾದರೆ ಎಕ್ಸೆಲ್ ಶೀಟೇ ಸಾಕು ಅನ್ನೋರಿದ್ದಾರೆ. ಈ ಮೂರಕ್ಕೂ ಅದು ಉತ್ತರ ಕೊಟ್ಟರೆ ನನ್ನದೇನೂ ಅಭ್ಯಂತರ ಇಲ್ಲ. ಆಡಿಟರ್ ವರ್ಷಕ್ಕೊಂದು ಸಲ ಬಂದು ಹೋಗ್ತಾರೆ. ಸಂಬಳ ಪ್ರತಿ ತಿಂಗಳೂ ಸರಿಯಾಗಿ ಬರಬೇಕಲ್ಲ?